ಪಲ್ಟಿಯ ಹೊಣೆ ಯಾರದು

ಜೀಪು ಮಗುಚಿದರೆ ಪೊಲೀಸರು ಬರೆದುಕೊಳ್ಳುವುದು ಬಹುತೇಕ ಒಂದೇ ಮಾತು: ಅತಿವೇಗ, ಅಜಾಗರೂಕತೆ. 1860ರ ಭಾರತೀಯ ದಂಡ ಸಂಹಿತೆಯ 279ನೇ ಕಲಮಿನಿಂದ ಇಂದಿನ ನ್ಯಾಯ ಸಂಹಿತೆಯ 281ರವರೆಗೆ ಕಾನೂನು ಕೇಳುತ್ತ ಬಂದಿರುವುದು ಓಡಿಸಿದವನು ಹೇಗೆ ಓಡಿಸಿದ ಎಂಬುದನ್ನು; ಗಾಡಿ ಎಷ್ಟು ಅಗಲ, ಅದರ ಭಾರ ಎಷ್ಟು ಎತ್ತರದಲ್ಲಿದೆ ಎಂಬುದನ್ನಲ್ಲ. ಈ ಅಭ್ಯಾಸ ನಮ್ಮೊಬ್ಬರದೇ ಅಲ್ಲ. ಜೀಪನ್ನು ಜಗತ್ತಿಗೆ ಕೊಟ್ಟ ಅಮೆರಿಕದಲ್ಲೂ ದಶಕಗಳ ಕಾಲ ಹೀಗೇ ನಡೆಯಿತು. ಎಸ್‌ಯುವಿಗಳು ಇಂದು ಮೊದಲಿಗಿಂತ ಎಷ್ಟೋ ಭದ್ರವಾಗಿ ತಿರುವು ದಾಟುತ್ತಿದ್ದರೆ ಅದಕ್ಕೆ ಚಾಲಕರು ಜಾಣರಾದದ್ದು ಕಾರಣವಲ್ಲ. ಯಾರೋ ಗಾಡಿಯನ್ನೇ ಅಳೆದು, ಆ ಅಳತೆಯನ್ನು ಬಹಿರಂಗವಾಗಿ ಮುಂದಿಟ್ಟಾಗಲೆಲ್ಲ ಸುಧಾರಣೆ ಬಂದಿದೆ. ಮದ್ದು ಮೊದಲೇ ಗೊತ್ತಿತ್ತು, ಅದರ ಖರ್ಚು ಹೊರುವವರು ಇರಲಿಲ್ಲ ಅಷ್ಟೆ.

ಆ ಅಳತೆ ಶಾಲೆಯ ಹುಡುಗರೂ ಮಾಡಬಹುದಾದ ಲೆಕ್ಕ. ಎಡ ಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಸ್ಟ್ಯಾಟಿಕ್ ಸ್ಟೆಬಿಲಿಟಿ ಫ್ಯಾಕ್ಟರ್ ಎನ್ನುತ್ತಾರೆ. ತೂಗಾಡುವ ಬಸ್ಸಿನಲ್ಲಿ ನಿಂತವರು ಕಾಲಗಲಿಸಿ, ತುಸು ಬಗ್ಗಿ ನಿಲ್ಲುವುದರ ಹಿಂದಿನ ತರ್ಕವೇ ಇದರದ್ದೂ. ಸಾಮಾನ್ಯ ಕಾರಿಗೆ ಇದು 1.3ರಿಂದ 1.5, ಹಳೆಯ ಎಸ್‌ಯುವಿಗಳಿಗೆ 1.0ಯಿಂದ 1.3. ಚಕ್ರಗಳ ಅಂತರ 1,300 ಮಿ.ಮೀ., ಗುರುತ್ವ ಕೇಂದ್ರದ ಎತ್ತರ 600 ಮಿ.ಮೀ., ತೂಕ 1,500 ಕೆ.ಜಿ. ಇರುವ ಒಂದು ಗಾಡಿಯನ್ನು ಊಹಿಸಿಕೊಳ್ಳಿ. ಅದರ ಅಂಕ 1.08. ಚಕ್ರಗಳನ್ನು ಒಟ್ಟು 100 ಮಿ.ಮೀ. ಅಗಲಿಸಿದರೆ 1.17, ಅಗಲ ಮುಟ್ಟದೆ ಭಾರವನ್ನು 50 ಮಿ.ಮೀ. ಇಳಿಸಿದರೆ 1.18. ಈಗ ಮೊದಲಿನ ಗಾಡಿಗೇ ಕ್ಯಾರಿಯರ್ ಹಾಕಿ, ನೆಲದಿಂದ 1,800 ಮಿ.ಮೀ. ಎತ್ತರದಲ್ಲಿ 100 ಕೆ.ಜಿ. ಸಾಮಾನು ಕಟ್ಟಿ ನೋಡಿ: ಗುರುತ್ವ ಕೇಂದ್ರ 675 ಮಿ.ಮೀ.ಗೆ ಏರಿ ಅಂಕ 0.96ಕ್ಕೆ ಕುಸಿಯುತ್ತದೆ. ತಿರುವಿನಲ್ಲಿ ಗಾಡಿ ವಾಲುವುದು, ಟೈರು ಅಮುಕುವುದು ಇನ್ನಷ್ಟನ್ನು ಕಿತ್ತುಕೊಳ್ಳುತ್ತವೆ. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರಿನ ಹಿಡಿತ ಹೆಚ್ಚುಕಡಿಮೆ 0.8ರ ಆಸುಪಾಸು. ಅಂಕ ಅದಕ್ಕಿಂತ ಸಾಕಷ್ಟು ಮೇಲಿದ್ದರೆ ಗಾಡಿ ಜಾರುತ್ತದೆ. ಹತ್ತಿರ ಬಂದಷ್ಟೂ ಜಾರುವ ಬದಲು ಉರುಳುತ್ತದೆ. ಅಗಲ ಟೈರು ಹಾಕಿದರೆ ಎತ್ತರದ ಗಾಡಿ ಭದ್ರವಾಯಿತು ಎಂಬ ನಂಬಿಕೆ ಎಷ್ಟು ಅಪಾಯಕಾರಿ ಎಂಬುದು ಇಲ್ಲೇ ಕಾಣುತ್ತದೆ: ಹಿಡಿತ ಹೆಚ್ಚಿದರೆ ಜಾರುವಿಕೆ ತಪ್ಪುತ್ತದೆ, ಪಲ್ಟಿ ಹತ್ತಿರವಾಗುತ್ತದೆ.

ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ಚಕ್ರಗಳ ಅಂತರ 49 ಅಂಗುಲ, ಅಂದರೆ ಸುಮಾರು 1,245 ಮಿ.ಮೀ. ರಣರಂಗದ ಗುಂಡಿ ದಿಣ್ಣೆಗಳಲ್ಲಿ ನಿಧಾನ ಏರಿಳಿಯಲು ಹುಟ್ಟಿದ ಗಾಡಿಗೆ ಅದು ಸಾಕಾಗಿತ್ತು. 1960ರ ಹೊತ್ತಿಗೆ ಅದರ ಉತ್ತರಾಧಿಕಾರಿಯಾಗಿ ಬಂದ ಎಂ151ರ ಹಿಂದಿನ ಸಸ್ಪೆನ್ಷನ್ ಹೇಗಿತ್ತೆಂದರೆ, ಜೋರು ತಿರುವಿನಲ್ಲಿ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಂಡು ಗಾಡಿಯನ್ನೇ ಎತ್ತಿ ಹಾಕುತ್ತಿತ್ತು. ಸೈನ್ಯ ಮೊದಲು ಚಾಲಕರಿಗೆ ತರಬೇತಿ ಕೊಟ್ಟಿತು, ಎಚ್ಚರಿಕೆಯ ಫಲಕ ಅಂಟಿಸಿತು. ಕೊನೆಗೆ 1970ರಲ್ಲಿ ಎಂ151ಎ2 ಮಾದರಿಯಲ್ಲಿ ಸಸ್ಪೆನ್ಷನ್ನನ್ನೇ ಬದಲಿಸಬೇಕಾಯಿತು. ಆಮೇಲೂ ಹಳೆಯ ಗಾಡಿಗಳನ್ನು ಜನರಿಗೆ ಮಾರುವ ಧೈರ್ಯ ಸರ್ಕಾರಕ್ಕೆ ಬರಲಿಲ್ಲ; ಕತ್ತರಿಸಿ ಗುಜರಿಗೆ ಹಾಕಿದರು. ಶಿಸ್ತಿನ ಸೈನಿಕರ ಕೈಯಲ್ಲೇ ನಿಲ್ಲದ ಗಾಡಿಗೆ ಚಾಲಕನೊಬ್ಬನನ್ನೇ ಹೊಣೆ ಮಾಡುವುದು ಎಷ್ಟು ಸರಿ? ನಾಗರಿಕರಿಗೆ ಮಾರುತ್ತಿದ್ದ ಸಿಜೆ-5 ಜೀಪಿನ ಕಥೆಯೂ ಇದೇ ದಾರಿಯದು. 1980ರ ಡಿಸೆಂಬರಿನಲ್ಲಿ ಅದು ಪರೀಕ್ಷೆಯಲ್ಲಿ ಮಗುಚುವುದನ್ನು ‘60 ಮಿನಿಟ್ಸ್’ ಟಿ.ವಿ. ಕಾರ್ಯಕ್ರಮ ದೇಶಕ್ಕೆಲ್ಲ ತೋರಿಸಿತು. 1982ರ ಮಾದರಿಯಿಂದ ಸಿಜೆಗಳ ಚಕ್ರಗಳ ಅಂತರ ಹೆಚ್ಚಿತು, 1983ಕ್ಕೆ ಸಿಜೆ-5 ನಿಂತೇಹೋಯಿತು, 1986ರಲ್ಲಿ ಇನ್ನಷ್ಟು ಅಗಲದ, ತಗ್ಗಿನ ರ‍್ಯಾಂಗ್ಲರ್ ಬಂತು. ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ, ನಿಜ. ಆದರೆ ಇದೇ ಸರಣಿ ಮತ್ತೆ ಮತ್ತೆ ಕಾಣಿಸಿಕೊಂಡರೆ ಕಾಕತಾಳೀಯ ಎನ್ನುವುದು ಕಷ್ಟ.

ಮುಂದಿನ ಸರದಿ ಸುಜುಕಿ ಸಮುರಾಯ್‌ಯದು. 1988ರಲ್ಲಿ ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆ, ಎದುರಿಗೆ ಅಡ್ಡಬಂದದ್ದನ್ನು ತಪ್ಪಿಸುವ ಪರೀಕ್ಷೆಯಲ್ಲಿ ಅದು ವಾಲಿ ಎರಡು ಚಕ್ರದ ಮೇಲೆ ನಿಂತಿತೆಂದು ಹೇಳಿ, ಕೊಳ್ಳಲು ತಕ್ಕದ್ದಲ್ಲ ಎಂದು ಷರಾ ಬರೆಯಿತು. ಪರೀಕ್ಷೆಯೇ ಕಟ್ಟುಕಥೆ, ವಾಲುವವರೆಗೂ ಬಿಡದೆ ಓಡಿಸಿದರು ಎಂಬುದು ಸುಜುಕಿಯ ವಾದ. ಆ ಮೊಕದ್ದಮೆ 1996ರಲ್ಲಿ ಹೂಡಿದ್ದು 2004ರಲ್ಲಿ ರಾಜಿಯಲ್ಲಿ ಮುಗಿಯಿತು. ಸುಜುಕಿಯ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಸ್ಟೇರಿಂಗ್ ಹಿಡಿದ ಕೈ ಬದಲಾದರೆ ಫಲಿತಾಂಶವೂ ಬದಲಾಗುವ ಪರೀಕ್ಷೆಯನ್ನು ಅಳತೆ ಎನ್ನಲಾಗದು. ಆದರೆ ಅಮೆರಿಕದ ರಸ್ತೆ ಸುರಕ್ಷತೆಯ ಸರ್ಕಾರಿ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ 1988ರಲ್ಲೇ ಕೊಟ್ಟ ತೀರ್ಪು ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯ: ಸಮುರಾಯ್ ತನ್ನ ಜಾತಿಯ ಇತರ ಗಾಡಿಗಳಿಗಿಂತ ಕೆಟ್ಟದ್ದೇನಲ್ಲ. ಜಾತಿಗೇ ಹಿಡಿದ ರೋಗವನ್ನು ಜಾತಿಯ ಸರಾಸರಿಯಿಂದ ಅಳೆದರೆ ರೋಗಿ ಯಾವಾಗಲೂ ಆರೋಗ್ಯವಂತನೇ! ಅದಕ್ಕೂ ಮೊದಲು, 1986ರಲ್ಲಿ, ಕಾಂಗ್ರೆಸ್ ಸದಸ್ಯ ಟಿಮೊಥಿ ವರ್ತ್ ಕನಿಷ್ಠ ಅಂಕ 1.2 ಇರಲೇಬೇಕೆಂದು ನಿಯಮ ಮಾಡಿ ಎಂದು ಕೋರಿದ್ದರು. ಮರುವರ್ಷ ಸಂಸ್ಥೆ ಅದನ್ನು ತಳ್ಳಿಹಾಕಿತು. 1994ರಲ್ಲಿ ಕನಿಷ್ಠ ಮಾನದಂಡದ ಯೋಚನೆಯನ್ನೇ ಕೈಬಿಟ್ಟಿತು. ಹಾಗೆ ಮಾಡಿದರೆ ಹೆಚ್ಚಿನ ಎಸ್‌ಯುವಿಗಳನ್ನು ಹೊಸದಾಗಿ ವಿನ್ಯಾಸ ಮಾಡಬೇಕಾದೀತು ಎಂಬುದು ಒಂದು ಕಾರಣ. ರೋಗದ ವ್ಯಾಪ್ತಿಗೆ ಇದಕ್ಕಿಂತ ದೊಡ್ಡ ಒಪ್ಪಿಗೆ ಬೇಕೆ?

ಬೆಲೆ ತೆರುವ ಕಾಲ ಫೋರ್ಡ್ ಎಕ್ಸ್‌ಪ್ಲೋರರ್ ರೂಪದಲ್ಲಿ ಬಂತು. 1990ರಲ್ಲಿ ಮಾರುಕಟ್ಟೆಗೆ ಬರುವ ಮುಂಚೆಯೇ ಪರೀಕ್ಷೆಯಲ್ಲಿ ಅದು ಚಕ್ರ ಎತ್ತುತ್ತಿತ್ತು ಎಂಬುದು ಮುಂದೆ ಮೊಕದ್ದಮೆಗಳಲ್ಲಿ ಬಯಲಾದ ಕಂಪನಿಯ ಕಡತಗಳಿಂದ ತಿಳಿಯಿತು. ಅಗಲಿಸುವುದು, ತಗ್ಗಿಸುವುದು ಇಂಜಿನಿಯರುಗಳ ಪಟ್ಟಿಯಲ್ಲಿತ್ತು. ಕಂಪನಿ ಆರಿಸಿಕೊಂಡದ್ದು ಅಗ್ಗದ ದಾರಿ: ಸ್ಪ್ರಿಂಗ್ ಮಾರ್ಪಾಡು ಮತ್ತು ಟೈರಿನ ಗಾಳಿ 26 ಪಿಎಸ್‌ಐಗೆ ಇಳಿಕೆ. ಗಾಳಿ ಕಡಿಮೆಯಾದರೆ ಟೈರಿನ ಪಕ್ಕಗಳು ಹೆಚ್ಚು ಬಾಗಿ ಬಿಸಿಯಾಗುತ್ತವೆ. ಬೇಸಿಗೆಯ ಹೆದ್ದಾರಿಯಲ್ಲಿ, ತುಂಬಿದ ಗಾಡಿಯಲ್ಲಿ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಕಿತ್ತು ಬರತೊಡಗಿತು. 2000ದ ಆಗಸ್ಟಿನಲ್ಲಿ 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಯಲಾಯಿತು. 271 ಸಾವುಗಳನ್ನು ಈ ಟೈರುಗಳೊಂದಿಗೆ ಗುರುತಿಸಲಾಯಿತು. ಟೈರಿನದು ತಪ್ಪು ಎಂದಿತು ಫೋರ್ಡ್. ಟೈರು ಕಿತ್ತರೆ ಗಾಡಿ ರಸ್ತೆ ಬದಿಗೆ ನಿಲ್ಲಬೇಕೇ ಹೊರತು ಮಗುಚಬಾರದು ಎಂದಿತು ಫೈರ್‌ಸ್ಟೋನ್. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿತ್ತು. ಎಕ್ಸ್‌ಪ್ಲೋರರ್ ಮೇಲೆ ವಿಚಾರಣೆ ನಡೆಸಲು 2002ರಲ್ಲಿ ಎನ್‌ಎಚ್‌ಟಿಎಸ್‌ಎ ಒಪ್ಪಲಿಲ್ಲ, ಕಾರಣವೂ ಹಳೆಯದೇ: ಓರಗೆಯ ಗಾಡಿಗಳಿಗಿಂತ ಕೆಟ್ಟದ್ದಲ್ಲ. ಆದರೆ ಅಷ್ಟರಲ್ಲಿ ನೆಲ ಸರಿದಿತ್ತು. 2001ರಿಂದ ಪಲ್ಟಿಯ ಅಪಾಯಕ್ಕೆ ನಕ್ಷತ್ರಗಳ ಅಂಕ ಪ್ರಕಟವಾಗತೊಡಗಿತ್ತು, 2000ದ ಟ್ರೆಡ್ ಕಾಯ್ದೆ ಚಾಲನಾ ಪರೀಕ್ಷೆಯನ್ನೂ ಸೇರಿಸಲು ಆದೇಶಿಸಿತ್ತು. ಆ ಪರೀಕ್ಷೆಯಲ್ಲಿ ಸ್ಟೇರಿಂಗ್ ತಿರುಗಿಸುವುದು ಯಂತ್ರ. ಸುಜುಕಿಯ ಹಳೆಯ ದೂರಿಗೆ ಉತ್ತರ ಸಿಕ್ಕಿದ್ದು ಹೀಗೆ. 2002ರ ಎಕ್ಸ್‌ಪ್ಲೋರರ್ ಎರಡೂವರೆ ಅಂಗುಲ ಹೆಚ್ಚು ಅಗಲವಾಗಿ, ಹಿಂದೆ ಸ್ವತಂತ್ರ ಸಸ್ಪೆನ್ಷನ್ ಹೊತ್ತು ಬಂತು.

ಇಲ್ಲಿ ಎರಡು ಆಕ್ಷೇಪಗಳನ್ನು ಎದುರಿಸಲೇಬೇಕು. ಕುಡಿತ, ವೇಗ, ಹಾಕದ ಸೀಟ್ ಬೆಲ್ಟ್ ಕೊಲ್ಲುವುದಿಲ್ಲವೆ? ಕೊಲ್ಲುತ್ತವೆ, ಪಲ್ಟಿಯಲ್ಲಿ ಸತ್ತ ಅಮೆರಿಕನ್ನರಲ್ಲಿ ಬಹುಪಾಲು ಬೆಲ್ಟ್ ಹಾಕಿರಲಿಲ್ಲ. ಎರಡನೆಯದು ಇನ್ನೂ ಗಟ್ಟಿ: ಬಹುತೇಕ ಪಲ್ಟಿಗಳು ಡಾಂಬರಿನ ಮೇಲೆ ಆಗುವುದೇ ಇಲ್ಲ, ಅಡ್ಡಡ್ಡ ಜಾರಿದ ಗಾಡಿ ಮಣ್ಣಿಗೋ ಕಲ್ಲಿಗೋ ತಾಗಿ ಮಗುಚುತ್ತದೆ. ಹಾಗಾದರೆ ಲೆಕ್ಕದ ಅಂಕಕ್ಕೇನು ಬೆಲೆ? ಒಂದೇ ಮಣ್ಣಿಗೆ ಒಂದೇ ವೇಗದಲ್ಲಿ ತಾಗಿದರೂ ಅಗಲ ಗಾಡಿಯನ್ನು ಮಗುಚಲು ಹೆಚ್ಚು ಬಲ ಬೇಕು ಎಂಬುದು ಒಂದು ಉತ್ತರ. ಇನ್ನೊಂದನ್ನು ಕೊಟ್ಟದ್ದು ಇಲೆಕ್ಟ್ರಾನಿಕ್ಸ್. 1995ರಲ್ಲಿ ಬಾಷ್ ಮತ್ತು ಮರ್ಸಿಡಿಸ್ ತಂದ ಇಎಸ್‌ಪಿ, ಸ್ಟೇರಿಂಗ್ ಹೇಳಿದ ದಿಕ್ಕಿಗೂ ಗಾಡಿ ನಿಜಕ್ಕೂ ತಿರುಗುತ್ತಿರುವ ದಿಕ್ಕಿಗೂ ತಾಳೆ ನೋಡಿ, ತಪ್ಪಿದರೆ ಬೇಕಾದ ಒಂದೇ ಚಕ್ರಕ್ಕೆ ಬ್ರೇಕು ಹಾಕುತ್ತದೆ; ಅಡ್ಡ ಜಾರುವುದನ್ನೇ ತಡೆಯುತ್ತದೆ. ಐಷಾರಾಮಿ ಕಾರಿನ ಸೊತ್ತಾಗಿದ್ದ ಅದು ಸಣ್ಣ ಗಾಡಿಗೆ ಇಳಿದದ್ದೂ ಒಂದು ಬಹಿರಂಗ ಮುಖಭಂಗದಿಂದ: 1997ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ‘ತೆಕ್ನಿಕೆನ್ಸ್ ವೆರ್ಲ್ಡ್’ ಪತ್ರಿಕೆಯವರ ಪರೀಕ್ಷೆಯಲ್ಲಿ ಹೊಸ ಎ-ಕ್ಲಾಸ್ ಮಗುಚಿತು, ಮರ್ಸಿಡಿಸ್ ಅದರ ಎಲ್ಲ ಮಾದರಿಗಳಿಗೂ ಇಎಸ್‌ಪಿ ಅಳವಡಿಸಿತು. ಬೇರೆ ಗಾಡಿಯ ಡಿಕ್ಕಿಯಿಲ್ಲದೆ ಎಸ್‌ಯುವಿ ಒಂದೇ ಉರುಳುವ ಮಾರಕ ಪಲ್ಟಿಗಳ ಅಪಾಯ ಇದರಿಂದ ಶೇ 80ರಷ್ಟು ಇಳಿಯಿತೆಂದು ಅಮೆರಿಕದ ವಿಮಾ ಸಂಸ್ಥೆ ಐಐಎಚ್‌ಎಸ್ 2006ರಲ್ಲಿ ಅಂದಾಜಿಸಿತು. 2012ರ ಮಾದರಿಗಳಿಂದ ಅಲ್ಲಿ ಅದು ಕಡ್ಡಾಯ. ಕುಡಿಯುವವರು, ಹಾರಿಸುವವರು ಮಾಯವಾಗಲಿಲ್ಲ. ಗಾಡಿ ಬದಲಾಯಿತು, ಸಾವು ಇಳಿಯಿತು.

ಈ ಕಥೆಯ ಒಂದು ಎಳೆ ನಮ್ಮ ಊರಿಗೂ ಬರುತ್ತದೆ. 1985ರಲ್ಲಿ ಇಲ್ಲಿ ಇಳಿದ ಮಾರುತಿ ಜಿಪ್ಸಿ, ಸಮುರಾಯ್‌ಯ ದಾಯಾದಿಯೇ. ಉದ್ದ ಹೆಚ್ಚು. 1993ರಲ್ಲಿ ಅದರ ಚಕ್ರಗಳ ಅಂತರವನ್ನು ಸುಮಾರು 90 ಮಿ.ಮೀ. ಹೆಚ್ಚಿಸಿ 1,300 ಮಿ.ಮೀ.ಗೆ ತಂದರು, ಜನ ‘ವೈಡ್ ಟ್ರ್ಯಾಕ್’ ಎಂದೇ ಗುರುತಿಸಿದರು. ಅದೇ ವಂಶದ ಜಿಮ್ನಿ 2023ರಲ್ಲಿ ಬಂದಾಗ ಮುಂದಿನ ಚಕ್ರಗಳ ಅಂತರ 1,395 ಮಿ.ಮೀ., ಇಎಸ್‌ಪಿ ಎಲ್ಲ ಮಾದರಿಗೂ ಉಂಟು. ಕಾರ್ಖಾನೆ ಹೀಗೆ ನಾಲ್ಕು ದಶಕದಲ್ಲಿ ಸಂಪಾದಿಸಿದ್ದನ್ನು ಆಕ್ಸೆಸರಿ ಅಂಗಡಿಯಲ್ಲಿ ಒಂದು ಮಧ್ಯಾಹ್ನದಲ್ಲಿ ಕಳೆಯಬಹುದು: ಗಾಡಿಯನ್ನು ಎರಡು ಅಂಗುಲ ಎತ್ತರಿಸುವ ಲಿಫ್ಟ್ ಕಿಟ್, ದಪ್ಪ ಟೈರು, ತಲೆಯ ಮೇಲೊಂದು ಕಬ್ಬಿಣದ ಕ್ಯಾರಿಯರ್. ವಾಲುವುದನ್ನು ತಡೆಯಲು ದಪ್ಪನೆಯ ಆ್ಯಂಟಿ-ರೋಲ್ ಬಾರ್ ಹಾಕಿಸಿದರಾಯಿತು ಎನ್ನುವವರುಂಟು. ಆ ಸರಳು ಗಾಡಿಯ ಓಲಾಟವನ್ನು ಕಡಿಮೆ ಮಾಡುತ್ತದೆ, ಕೂತವರಿಗೆ ಧೈರ್ಯ ತುಂಬುತ್ತದೆ. ಚಕ್ರಗಳ ನಡುವಿನ ಅಂತರಕ್ಕೆ ಒಂದು ಮಿಲಿಮೀಟರನ್ನೂ ಕೂಡಿಸುವುದಿಲ್ಲ. ಇಂಥ ಮಾರ್ಪಾಡುಗಳಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಅಡ್ಡಿ ಇದೆ. ಆದರೆ ತಡೆದು ನಿಲ್ಲಿಸಿದ ಗಾಡಿಯಲ್ಲಿ ನಾವು ನೋಡುವುದು ವಿಮೆ, ಹೊಗೆ ಪತ್ರ, ಲೈಸೆನ್ಸು.