ಕಾನೂನು ಹೂಂ ಅಂದರೂ ಮನೆಯವರನ್ನ ಕೇಳಲೇಬೇಕು

ಅಂಗಾಂಗ ದಾನದ ಮಾತು ಬಂದಾಗೆಲ್ಲ ಗೆಳೆಯರ ನಡುವೆ ಒಂದು ಸಲಹೆ ಬಂದೇ ಬರುತ್ತೆ: 'ಬೇಡ ಅಂತ ಬರೆದುಕೊಡದವರೆಲ್ಲ ದಾನಿಗಳೇ ಅಂತ ಕಾನೂನು ಮಾಡಿಬಿಟ್ರೆ ಮುಗೀತಲ್ವಾ?' ಹಾಗೆ ಮಾಡಿದ ದೇಶಗಳ ಚರಿತ್ರೆ ಓದಿದರೆ ನನಗೆ ಕಾಣೋದೇ ಬೇರೆ.

ಬ್ರೆಜಿಲ್ 1997ರಲ್ಲಿ ಇಂಥ ಕಾನೂನು ತಂತು. ಇಷ್ಟವಿಲ್ಲದವರು ಗುರುತಿನ ಚೀಟಿ ಅಥವಾ ಡ್ರೈವಿಂಗ್ ಲೈಸೆನ್ಸಿನ ಮೇಲೆ 'ದಾನಿಯಲ್ಲ' ಅಂತ ನಮೂದಿಸಿಕೊಳ್ಳಬೇಕಿತ್ತು. ಜನರಿಗೆ ಭಯ ಹುಟ್ಟಿತು: ಪೂರ್ತಿ ಸಾಯೋ ಮೊದಲೇ ಅಂಗ ತೆಗೆದುಬಿಟ್ಟರೆ? ನನ್ನ ದೇಹ ಏನು ಸರ್ಕಾರದ ಸ್ವತ್ತಾ? ಎಷ್ಟೋ ಜನ ಹೋಗಿ 'ದಾನಿಯಲ್ಲ' ಅಂತ ಬರೆಸಿಕೊಂಡರು. ಮನೆಯವರ ಒಪ್ಪಿಗೆ ಇಲ್ಲದೆ ಅಂಗ ತೆಗೆಯೋಕೆ ವೈದ್ಯರೂ ಹಿಂಜರಿದರು. ಅವರ ಸಂಘಟನೆಗಳು ವಿರೋಧಿಸಿದವು. 1998ರಲ್ಲಿ ಸರ್ಕಾರ ಹಿಂದೆ ಸರಿಯಿತು.

ಸ್ಪೇನಿನಲ್ಲೂ 1979ರಿಂದ ಇಂಥದ್ದೇ ಕಾನೂನಿದೆ. ಆದರೆ ಅಲ್ಲಿ ಮನೆಯವರನ್ನು ಕೇಳದೆ ಮುಂದುವರಿಯಲ್ಲ. ಅವರು ಬೇಡ ಅಂದ್ರೆ ಅಲ್ಲಿಗೆ ಮುಗೀತು. ಕಾನೂನು ಬಂದು 10 ವರ್ಷವಾದರೂ 10 ಲಕ್ಷ ಜನಸಂಖ್ಯೆಗೆ ವರ್ಷಕ್ಕೆ ಸುಮಾರು 14 ದಾನಿಗಳಷ್ಟೇ ಸಿಗ್ತಿದ್ದರು. 1989ರಲ್ಲಿ ಮೂತ್ರಪಿಂಡ ತಜ್ಞ ರಾಫೆಲ್ ಮಾಟೆಸಾನ್ಸ್ ನೇತೃತ್ವದಲ್ಲಿ ರಾಷ್ಟ್ರೀಯ ಕಸಿ ಸಂಸ್ಥೆ ಶುರುವಾಯ್ತು. ಆಸ್ಪತ್ರೆಗಳಲ್ಲಿ ಕಸಿ ಸಂಯೋಜಕರು ಬಂದರು. ಅವರಲ್ಲಿ ಹೆಚ್ಚಿನವರು ಐಸಿಯು ವೈದ್ಯರೇ. ಮಿದುಳು ನಿಷ್ಕ್ರಿಯವಾಗಿದೆ ಅಂದ್ರೇನು ಅಂತ ಬಿಡಿಸಿ ಹೇಳೋದು, ಅಳುವವರ ಪಕ್ಕ ಕೂರೋದು, ಆಮೇಲೆ ಕೇಳೋದು: ಇದಕ್ಕೆ ಅವರಿಗೆ ತರಬೇತಿ ಕೊಟ್ಟರು. 2017ರ ಹೊತ್ತಿಗೆ ಆ 14 ಅನ್ನೋದು 45 ದಾಟಿತ್ತು. ಕಾನೂನು ಮಾತ್ರ ಅದೇ, ಹಳೇದು. ಬದಲಾದದ್ದು ಕೇಳುವ ಬಗೆ. ಮಾಟೆಸಾನ್ಸ್ ಕೂಡ ಈ ಯಶಸ್ಸಿಗೆ ಕಾರಣ ಕಾನೂನಲ್ಲ, ವ್ಯವಸ್ಥೆ ಅಂತಲೇ ವಾದಿಸುತ್ತಾ ಬಂದವರು.

ನಮ್ಮಲ್ಲಿ 1994ರ ಕಾಯ್ದೆ ಇದಕ್ಕೆ ಉಲ್ಟಾ: ಒಪ್ಪಿದವರು ಮಾತ್ರ ದಾನಿಗಳು. ಆದರೆ ಐಸಿಯು ಬಾಗಿಲಲ್ಲಿ ನಾವೂ ಸ್ಪೇನಿನವರೂ ಒಂದೇ. ನೀವು ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಿ ಕಾರ್ಡು ಇಟ್ಟುಕೊಂಡಿದ್ದರೂ ವಾಡಿಕೆಯಲ್ಲಿ ಕೊನೆಯ ಮಾತು ಮನೆಯವರದೇ. ನಿಮ್ಮ ಇಷ್ಟ ಏನಿತ್ತು ಅಂತ ಗೊತ್ತಿಲ್ಲದವರು ಆ ರಾತ್ರಿ 'ಬೇಡ' ಅಂದರೆ ಅವರನ್ನ ಹೇಗೆ ದೂರೋದು?

ಹಾಗಾಗಿ ನನ್ನ ಪ್ರಕಾರ ನೋಂದಣಿ ಅರ್ಧ ಕೆಲಸ, ಊಟದ ಹೊತ್ತಲ್ಲಿ ಮನೇಲಿ ಬಾಯಿಬಿಟ್ಟು ಹೇಳೋದು ಇನ್ನರ್ಧ. ನಾನು ಹೇಳಿದಾಗ ಅಮ್ಮ 'ಬಿಡ್ತು ಅನ್ನು' ಅಂದಳು. ಬಿಡ್ತು ಅಂದೆ. ಆಮೇಲೆ ಮಾತು ಮುಂದುವರಿಸಿದೆ.