ಕರೆದವನ ಬಳಿಗೆ ಬಂದವರು

1612ರಲ್ಲಿ ಮುಕರ್ರಬ್ ಖಾನನೆಂಬ ಅಧಿಕಾರಿ ಗೋವೆಯ ಬಂದರಿನಿಂದ ಕೆಲವು ಅಪರೂಪದ ಪ್ರಾಣಿಗಳನ್ನು ಕೊಂಡು ಜಹಾಂಗೀರನ ಆಸ್ಥಾನಕ್ಕೆ ತಂದ. ಅವುಗಳಲ್ಲೊಂದು ಹಕ್ಕಿ ಬಾದಶಹನನ್ನು ಬಹಳವಾಗಿ ಸೆಳೆಯಿತು. ಅದರ ತಲೆ, ಕತ್ತುಗಳಲ್ಲಿ ಗರಿಯಿಲ್ಲ; ಉದ್ರೇಕಗೊಂಡಾಗ ಆ ಭಾಗ ಹವಳದಂತೆ ಕೆಂಪಾಗುತ್ತದೆ, ಸ್ವಲ್ಪ ಹೊತ್ತಿನಲ್ಲೇ ಹತ್ತಿಯಂತೆ ಬೆಳ್ಳಗಾಗುತ್ತದೆ, ಕೆಲವೊಮ್ಮೆ ನೀಲಿಯಾಗುತ್ತದೆ ಎಂದು ಆತ ತನ್ನ ಆತ್ಮಚರಿತ್ರೆಯಲ್ಲಿ ಬೆರಗಿನಿಂದ ಬರೆದುಕೊಂಡ. ಹಕ್ಕಿಯ ಚಿತ್ರವನ್ನೂ ಬರೆಸಿದ. ಉಸ್ತಾದ್ ಮನ್ಸೂರನು ಬರೆದ ಆ ಚಿತ್ರ ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಅದು ಟರ್ಕಿ ಕೋಳಿ. ಅದಕ್ಕೆ ಲೋಕ ಇಟ್ಟ ಹೆಸರುಗಳಷ್ಟು ದಾರಿ ತಪ್ಪಿದ ಹೆಸರುಗಳು ಬೇರೆ ಯಾವ ಹಕ್ಕಿಗೂ ಸಿಕ್ಕಿರಲಾರವು. ಇಂಗ್ಲಿಷರು ಅದನ್ನು ತುರ್ಕರ ದೇಶದ್ದೆಂದರು. ತುರ್ಕರು ‘ಹಿಂದಿ’ ಎಂದು ಕರೆದು ನಮ್ಮ ಕಡೆಗೆ ತೋರಿಸಿದರು. ಫ್ರೆಂಚರೂ ಇಂಡಿಯಾದ ಕೋಳಿಯೆಂದೇ ಹೇಳಿದರು. ಡಚ್ಚರು ಕಲ್ಲಿಕೋಟೆಯ ಹೆಸರು ಅಂಟಿಸಿದರು. ಪೋರ್ಚುಗೀಸರಿಗೆ ಅದು ‘ಪೆರು’. ಅದರ ನಿಜವಾದ ತವರು ಉತ್ತರ ಅಮೆರಿಕದ ಓಕ್ ಮತ್ತು ಚೆಸ್ಟ್‌ನಟ್ ಮರಗಳ ಕಾಡು. ಆ ಕಾಡಿನಲ್ಲಿ ಅದನ್ನು ಬೇಟೆಯಾಡಿದವರು ಬರೆದಿಟ್ಟುದನ್ನು ಕೆಲವು ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ಬೇಟೆಯಲ್ಲಿ ನನಗೆ ರುಚಿಯಿಲ್ಲ. ಆದರೂ ಓದಿಸಿಕೊಂಡು ಹೋದ ಸಂಗತಿಯೊಂದಿದೆ: ಈ ಬೇಟೆಯಲ್ಲಿ ಬೇಟೆಗಾರ ಒಂದು ಪ್ರಾಣಿಯನ್ನು ಕರೆಯುತ್ತಾನೆ, ಎಷ್ಟೋ ಸಲ ಬೇರೊಂದು ಬರುತ್ತದೆ.

ಕಾರಣ ಬೇಟೆಯ ವಿಧಾನದಲ್ಲೇ ಇದೆ. ವಸಂತದಲ್ಲಿ ಗಂಡು ಟರ್ಕಿ ನಸುಕಿಗೇ ಮರದ ಮೇಲಿನಿಂದ ಗಳಗಳನೆ ಕೂಗುತ್ತದೆ. ಆ ಕೂಗು ಕೇಳಿದ ಹೇಂಟೆಗಳು ಅದರ ಬಳಿಗೆ ಹೋಗಬೇಕು, ಅದು ಕಾಡಿನ ಕ್ರಮ. ಬೇಟೆಗಾರ ಈ ಕ್ರಮವನ್ನು ತಿರುಗಿಸುತ್ತಾನೆ. ತಾನು ಹೇಂಟೆಯಂತೆ ದನಿ ತೆಗೆದು ಗಂಡೇ ತನ್ನ ಬಳಿಗೆ ನಡೆದು ಬರುವಂತೆ ಮಾಡುತ್ತಾನೆ. ಇದಕ್ಕೆ ಅಮೆರಿಕದ ಮೂಲನಿವಾಸಿಗಳು ಟರ್ಕಿಯ ರೆಕ್ಕೆಯ ಮೂಳೆಯನ್ನೇ ಊದುಗೊಳವೆ ಮಾಡಿಕೊಂಡಿದ್ದರು. ತುಟಿಗಿಟ್ಟು ಗಾಳಿಯನ್ನು ಒಳಗೆಳೆದರೆ ಹೇಂಟೆಯ ಮೆಲುದನಿ ಹೊರಡುತ್ತದೆ. ವಲಸೆ ಬಂದ ಬಿಳಿಯರು ಅದನ್ನು ಕಲಿತರು. 1897ರಲ್ಲಿ ಅರ್ಕನ್ಸಾದ ಹೆನ್ರಿ ಗಿಬ್ಸನ್ ಎಂಬಾತ ಮುಚ್ಚಳವನ್ನು ಅಂಚಿಗೆ ಉಜ್ಜಿ ದನಿ ಹೊರಡಿಸುವ ಮರದ ಪೆಟ್ಟಿಗೆಗೆ ಪೇಟೆಂಟ್ ಪಡೆದ. ಉಪಕರಣ ಯಾವುದಾದರೂ ಕೆಲಸ ಒಂದೇ. ಮೈಗೆ ಎಲೆಬಣ್ಣದ ಬಟ್ಟೆ, ಮುಖಕ್ಕೆ ಮುಸುಕು, ಬೆನ್ನಿಗೆ ದಪ್ಪ ಮರ, ಮಿಸುಕಾಡದ ಕೈಕಾಲು. ಟರ್ಕಿಯ ಕಣ್ಣು ಅಷ್ಟು ಚುರುಕು. ಬೆರಳು ಅಲುಗಿದರೂ ಅದು ಮಾಯವಾಗುತ್ತದೆ.

ಬೇರೆ ಮೃಗಗಳನ್ನು ಸೆಳೆಯಲು ಪಳಗಿಸಿ ಬಿಡುವ ಪ್ರಾಣಿಗೆ ಹಳಗನ್ನಡದಲ್ಲಿ ‘ದೀವ’ ಎಂಬ ಪದವಿದೆ. ದೀವದ ಮೃಗ ಒಂದು ಕಡೆ ಮೇಯುತ್ತಿದ್ದರೆ ಬೇಟೆಗಾರ ಇನ್ನೊಂದು ಕಡೆ ಅಡಗಿರುತ್ತಾನೆ. ಟರ್ಕಿಯ ಬೇಟೆಯಲ್ಲಿ ಈ ಅಂತರವಿಲ್ಲ. ಬೇಟೆಗಾರನೇ ದೀವ. ಕಾಡಿನ ಕಿವಿಗೆ ಆ ಮರದ ಬುಡದಲ್ಲಿರುವುದು ಒಂಟಿ ಹೇಂಟೆ ಮಾತ್ರ, ಮತ್ತು ಒಂಟಿ ಹೇಂಟೆಯನ್ನು ಬಯಸುವವರು ಕಾಡಿನಲ್ಲಿ ಗಂಡು ಟರ್ಕಿಯೊಬ್ಬನೇ ಅಲ್ಲ.

ಈ ಬಯಸುವವರ ಪಟ್ಟಿಯನ್ನು ಮೊದಲಿಗೆ ವಿವರವಾಗಿ ಬರೆದವರಲ್ಲಿ ಜಾನ್ ಜೇಮ್ಸ್ ಆಡುಬಾನ್ ಒಬ್ಬ. ‘ಬರ್ಡ್ಸ್ ಆಫ್ ಅಮೆರಿಕ’ ಎಂಬ ಅವನ ಬೃಹತ್ ಚಿತ್ರಸಂಪುಟದ ಮೊದಲ ಫಲಕವೇ ಕಾಡು ಟರ್ಕಿ. 1810ರಿಂದ ಸುಮಾರು ಒಂಬತ್ತು ವರ್ಷ ಕೆಂಟಕಿಯ ಹೆಂಡರ್ಸನ್ ಎಂಬ ಊರಿನಲ್ಲಿ ಅಂಗಡಿಯಿಟ್ಟುಕೊಂಡಿದ್ದ ಆಡುಬಾನ್ ಅಂಗಡಿಯಲ್ಲಿದ್ದುದಕ್ಕಿಂತ ಹೆಚ್ಚು ಕಾಡಿನಲ್ಲಿದ್ದ. ಮನುಷ್ಯನನ್ನು ಬಿಟ್ಟರೆ ಟರ್ಕಿಯ ದೊಡ್ಡ ಶತ್ರುಗಳು ಲಿಂಕ್ಸ್ ಜಾತಿಯ ಕಾಡುಬೆಕ್ಕು ಮತ್ತು ದೊಡ್ಡ ಗೂಬೆಗಳು ಎಂದು ಅವನು ಬರೆಯುತ್ತಾನೆ. ಬೆಕ್ಕು ಟರ್ಕಿಗಳ ಹಿಂಡನ್ನು ಸ್ವಲ್ಪ ದೂರ ಹಿಂಬಾಲಿಸಿ ಅದು ಸಾಗುವ ದಿಕ್ಕನ್ನು ತಿಳಿದುಕೊಳ್ಳುತ್ತದೆ. ಆಮೇಲೆ ಸುತ್ತು ಹಾಕಿ ಮುಂದೆ ಹೋಗಿ ಹೊಂಚುತ್ತದೆ. ಗೂಬೆ ರಾತ್ರಿ ಮರದಲ್ಲಿ ಮಲಗಿದ ಟರ್ಕಿಯ ಮೇಲೆ ಸದ್ದಿಲ್ಲದೆ ಎರಗುತ್ತದೆ. ಆದರೆ ಹಿಂಡಿನಲ್ಲಿ ಒಂದಕ್ಕೆ ಸುಳಿವು ಸಿಕ್ಕರೂ ಸಾಕು, ಎಚ್ಚರಿಕೆಯ ದನಿ ಹೊರಟು ಎಲ್ಲವೂ ಎದ್ದು ನಿಲ್ಲುತ್ತವೆ. ಗೂಬೆ ಬಾಣದಂತೆ ಬಂದಾಗ ಟರ್ಕಿ ತಲೆ ತಗ್ಗಿಸಿ, ಬಾಲವನ್ನು ಬೆನ್ನ ಮೇಲೆ ಮಗುಚಿ ಇಳಿಜಾರು ಮಾಡುತ್ತದೆ. ಗೂಬೆಯ ಉಗುರು ಗರಿಗಳ ಮೇಲೆ ಜಾರಿ ಹೋಗುತ್ತದೆ. ಟರ್ಕಿ ನೆಲಕ್ಕೆ ಹಾರಿ ಪಾರಾಗುತ್ತದೆ.

ಇಂದಿನ ಬೇಟೆಗಾರರ ಅನುಭವಗಳನ್ನು ಈ ವಿವರಗಳ ಪಕ್ಕದಲ್ಲಿಟ್ಟು ಓದಿದಾಗ ಹೊಸದೇನೂ ನಡೆಯುತ್ತಿಲ್ಲ ಎನ್ನಿಸುತ್ತದೆ. ಬಾಬ್‌ಕ್ಯಾಟ್ ಎಂಬ ಮೊಂಡು ಬಾಲದ ಕಾಡುಬೆಕ್ಕು ಆಡುಬಾನ್ ಕಂಡಂತೆಯೇ ಸುತ್ತು ಹಾಕಿ ಬರುತ್ತದೆ. ಈ ಸಲ ಅದು ಹೊಂಚುವುದು ಹೇಂಟೆಯಂತೆ ಕೂಗುತ್ತಿರುವ ಮನುಷ್ಯನಿಗೆ. ಅದು ನೆಚ್ಚುವುದು ಕಣ್ಣು ಕಿವಿಗಳನ್ನು. ಕಿವಿಗೆ ಹೇಂಟೆಯ ದನಿ, ಕಣ್ಣಿಗೆ ಎಲೆಬಣ್ಣದ ನಡುವೆ ಟೋಪಿಯ ಸಣ್ಣ ಚಲನೆ. ಒಣಗಿದೆಲೆಯ ಮೇಲೆ ಸದ್ದಾಗದಂತೆ ಬಂದು ಭುಜಕ್ಕೋ ಬೆನ್ನಿಗೋ ನೆಗೆದ ಮೇಲೆಯೇ ಅದಕ್ಕೆ ತಪ್ಪಿನ ಅರಿವಾಗುವುದು. ಆಮೇಲೆ ಮನುಷ್ಯನಿಗಿಂತ ಮೊದಲು ಓಡುವುದು ಬೆಕ್ಕು. ಕೊಂಬಿನಂತೆ ಗರಿಯೆತ್ತಿದ ದೊಡ್ಡ ಗೂಬೆ ನಸುಗತ್ತಲಲ್ಲಿ ಟೋಪಿಗೆ ಉಗುರು ಹಾಕುತ್ತದೆ. ಗಿಡುಗ ಆಟಿಕೆಯ ಹೇಂಟೆಯ ಮೇಲೆ ಎರಗುತ್ತದೆ. ತೋಳದ ಚಿಕ್ಕ ಸೋದರನಂತಿರುವ ಕೊಯೋಟಿ ಮೂಗಿನ ಮೇಲೆ ನಂಬಿಕೆಯಿಟ್ಟ ಪ್ರಾಣಿ. ಮನುಷ್ಯನ ವಾಸನೆ ಗಾಳಿಯಲ್ಲಿ ಸಿಕ್ಕಿದೊಡನೆ ಅದು ಅರ್ಧ ಹೆಜ್ಜೆಯಲ್ಲೇ ತಿರುಗುತ್ತದೆ, ಗಾಳಿ ಎದುರು ಬೀಸುತ್ತಿದ್ದರೆ ಮಾತ್ರ ಹತ್ತಿರದವರೆಗೂ ಓಡಿ ಬರುತ್ತದೆ. ಪಶ್ಚಿಮದ ಬೆಟ್ಟಗಳಲ್ಲಿ ಕೂಗರ್ ಎಂಬ ಸಿಂಹವರ್ಣದ ದೊಡ್ಡ ಬೆಕ್ಕೂ ಉಂಟು. ಇನ್ನು ದಕ್ಷಿಣದ ಕಾಡುಗಳ ರ್ಯಾಟಲ್ ಹಾವು ಯಾರ ಕರೆಗೂ ಬರುವುದಿಲ್ಲ. ವಸಂತದ ಬಿಸಿಲಿಗೆ ಹೊರಬಂದು ಬೇಟೆಗಾರ ಒರಗಲೆಂದು ಹೋದ ಮರದ ಬುಡದಲ್ಲೇ ಸುರುಳಿ ಸುತ್ತಿಕೊಂಡಿರುತ್ತದೆ, ಅಷ್ಟೆ.

ಇವುಗಳಲ್ಲಿ ಯಾವುದೂ ಮನುಷ್ಯನನ್ನು ಬಯಸಿ ಬಂದದ್ದಲ್ಲ. ಸುಳ್ಳು ಹೇಳಿದವನು ಮನುಷ್ಯ. ಅದನ್ನು ನಂಬಿ ಬಂದದ್ದು ಪ್ರಾಣಿ. ಆದರೂ ಈ ಭೇಟಿಗಳನ್ನು ನೆಪ ಮಾಡಿಕೊಂಡು ಹಿಂಸ್ರಪ್ರಾಣಿಗಳನ್ನು ದೂಷಿಸುವುದು ಅಮೆರಿಕದಲ್ಲಿ ಹಳೆಯ ಅಭ್ಯಾಸ. ಇತಿಹಾಸ ಹೇಳುವುದು ಬೇರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಡು ಕಡಿದು ಹೊಲ ಮಾಡಿದರು. ಪಟ್ಟಣದ ಮಾರುಕಟ್ಟೆಗೆಂದು ವರ್ಷವಿಡೀ ಟರ್ಕಿಗಳನ್ನು ಕೊಂದರು. ನೆಲದಲ್ಲಿ ಕಾಲುವೆ ತೋಡಿ, ಜೋಳ ಚೆಲ್ಲಿ, ಮರದ ದಿಮ್ಮಿಗಳ ಪಂಜರದೊಳಕ್ಕೆ ಹಿಂಡುಹಿಂಡಾಗಿ ನುಗ್ಗಿಸುವ ಬೋನನ್ನು ಆಡುಬಾನನೇ ವರ್ಣಿಸಿದ್ದಾನೆ. ಒಳಹೊಕ್ಕ ಹಕ್ಕಿ ತಲೆಯೆತ್ತಿ ಮೇಲೆಯೇ ದಾರಿ ಹುಡುಕುತ್ತದೆ, ಬಂದ ದಾರಿ ಕಾಲ ಬಳಿಯೇ ಇದ್ದರೂ ಬಗ್ಗಿ ನೋಡುವುದಿಲ್ಲ. ಮ್ಯಾಸಚೂಸೆಟ್ಸಿನಲ್ಲಿ 1851ರ ಹೊತ್ತಿಗೆ ಕಾಡು ಟರ್ಕಿ ಇಲ್ಲವಾಯಿತು. 1904ರಲ್ಲಿ ನ್ಯೂಯಾರ್ಕಿನಲ್ಲಿ ಕಾಣಿಸಿಕೊಂಡ ಶಿಲೀಂಧ್ರ ರೋಗ ಮುಂದಿನ ದಶಕಗಳಲ್ಲಿ ಚೆಸ್ಟ್‌ನಟ್ ಮರಗಳನ್ನು ನಾಶಮಾಡಿ ಅಳಿದುಳಿದ ಹಕ್ಕಿಗಳ ಆಹಾರವನ್ನೂ ಕಸಿಯಿತು. ಇದೇ ಕಾಲದಲ್ಲಿ ತೋಳ, ಕೂಗರ್‌ಗಳ ತಲೆಗೆ ಬಹುಮಾನ ಕಟ್ಟಿ ಪೂರ್ವದ ಕಾಡುಗಳಿಂದ ಅವನ್ನೂ ಅಳಿಸಿದರು. ಟರ್ಕಿಯನ್ನು ತಿನ್ನುವ ದೊಡ್ಡ ಮೃಗಗಳು ಹೋದವು. ಹಾಗೆಂದು ಟರ್ಕಿ ಉಳಿಯಲಿಲ್ಲ.

ಅದನ್ನು ಮರಳಿ ತರುವ ಪ್ರಯತ್ನದಲ್ಲೇ ಈ ಕಥೆಯ ಮುಖ್ಯ ಪಾಠವಿದೆ. 1937ರಲ್ಲಿ ಬಂದ ಪಿಟ್‌ಮನ್–ರಾಬರ್ಟ್‌ಸನ್ ಕಾಯಿದೆ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ಪುನರುಜ್ಜೀವನಕ್ಕೆ ಮೀಸಲಿಟ್ಟಿತು. ಮೊದಲು ಹೊಳೆದದ್ದು ಸುಲಭದ ದಾರಿ. ಫಾರಂಗಳಲ್ಲಿ ಮೊಟ್ಟೆಯೊಡೆಸಿ ಸಾವಿರಾರು ಹಕ್ಕಿಗಳನ್ನು ಸಾಕಿ ಕಾಡಿಗೆ ಬಿಟ್ಟರು. ಅವು ಬಹುಪಾಲು ಸತ್ತವು. ನೋಡಲು ಅವು ಟರ್ಕಿಗಳೇ, ಆದರೆ ಯಾವ ತಾಯಿಯೂ ಅವುಗಳಿಗೆ ಗೂಬೆಯ ನೆರಳನ್ನು ತೋರಿಸಿರಲಿಲ್ಲ. ಯಾವ ದನಿಗೆ ನೆಲಕ್ಕಂಟಿಕೊಳ್ಳಬೇಕು, ಯಾವ ದನಿಗೆ ಮರ ಹತ್ತಬೇಕು ಎಂದು ಕಲಿಸಿರಲಿಲ್ಲ. ಕಾಡಿನ ಟರ್ಕಿ ಮರಿ ತಾಯಿಯ ಹಿಂದೆ ತಿರುಗುತ್ತಾ ಕಲಿಯುವ ಭಯವನ್ನು ಫಾರಂ ಕೊಡಲಾರದಾಗಿತ್ತು.

1950ರ ದಶಕದ ಆರಂಭದಲ್ಲಿ ದಕ್ಷಿಣ ಕೆರೊಲಿನಾದಲ್ಲಿ, ಬಾತುಗಳನ್ನು ಹಿಡಿಯಲು ಬಳಸುತ್ತಿದ್ದ ಫಿರಂಗಿ ಬಲೆಯನ್ನು ಟರ್ಕಿಗಳ ಮೇಲೆ ಪ್ರಯೋಗಿಸಿದರು. ಕಾಳು ಹೆಕ್ಕುತ್ತಿರುವ ಹಿಂಡಿನ ಮೇಲೆ ಬಲೆಯನ್ನು ಸಿಡಿಸಿ ಹರಡುವ ಉಪಾಯವದು. ಹಾಗೆ ಹಿಡಿದ ನಿಜವಾದ ಕಾಡುಹಕ್ಕಿಗಳನ್ನು ಬೇರೆ ಬೇರೆ ರಾಜ್ಯಗಳಿಗೆ ಸಾಗಿಸಿದರು. ಅವು ಉಳಿದವು, ಮರಿ ಮಾಡಿದವು. ಮ್ಯಾಸಚೂಸೆಟ್ಸಿಗೆ 1972–73ರಲ್ಲಿ ನ್ಯೂಯಾರ್ಕಿನಿಂದ ತಂದು ಬಿಟ್ಟದ್ದು ಬರೀ 37 ಹಕ್ಕಿ. ಇಂದು ಅವುಗಳ ಸಂತತಿ ಬಾಸ್ಟನ್ನಿನ ಹೊರವಲಯದ ಬೀದಿಗಳಲ್ಲೂ ತಿರುಗಾಡುತ್ತದೆ. ದೇಶದಾದ್ಯಂತ ಇವತ್ತು ಹಲವು ದಶಲಕ್ಷ ಟರ್ಕಿಗಳಿವೆ. ಹೆದರಲು ಬಲ್ಲ ಹಕ್ಕಿಗಳಿಂದ ಕಾಡು ಮತ್ತೆ ತುಂಬಿತು. ತೋಳ ಬಿಟ್ಟುಹೋದ ಜಾಗಕ್ಕೆ ಪಶ್ಚಿಮದಿಂದ ಕೊಯೋಟಿಯೂ ಬಂದು ಸೇರಿತು. ಹೀಗಾಗಿ ಇಂದಿನ ಬೇಟೆಗಾರನ ಕರೆಗೆ ಓಗೊಡುವವರಲ್ಲಿ ಆಡುಬಾನ್ ಕೆಂಟಕಿಯಲ್ಲಿ ಕಾಣದಿದ್ದ ಒಬ್ಬ ಅತಿಥಿಯೂ ಇದ್ದಾನೆ.

ಕರೆಯನ್ನು ಕೇಳಿ ಬರುವ ಇನ್ನೊಬ್ಬನ ವಿಷಯ ಹೇಳದೆ ಈ ಚರಿತ್ರೆ ಪೂರ್ತಿಯಾಗದು. ಟರ್ಕಿಯ ಬೇಟೆಯ ಹಳೆಯ ಗ್ರಂಥಗಳಲ್ಲೊಂದು 1914ರಲ್ಲಿ ಎಡ್ವರ್ಡ್ ಮೆಕ್‌ಇಲ್ಹೆನಿಯ ಹೆಸರಿನಲ್ಲಿ ಪ್ರಕಟವಾಯಿತು. ಅದರ ದೊಡ್ಡ ಭಾಗಕ್ಕೆ ಆಧಾರ ಚಾರ್ಲ್ಸ್ ಜೋರ್ಡನ್ ಎಂಬ ನಿಷ್ಣಾತ ಬೇಟೆಗಾರನ ಬರಹಗಳು. ಬಾಳಿನ ಬಹುಭಾಗ ಕಾಡಿನಲ್ಲಿ ಕಳೆದ ಜೋರ್ಡನ್ ಪುಸ್ತಕವನ್ನು ನೋಡಲು ಉಳಿದಿರಲಿಲ್ಲ. ಲೂಸಿಯಾನಾದ ಸಂರಕ್ಷಿತ ಬೇಟೆಕಾಡೊಂದರ ಮೇಲ್ವಿಚಾರಕನಾಗಿದ್ದ ಅವನನ್ನು 1909ರಲ್ಲಿ ಒಬ್ಬ ಕಳ್ಳಬೇಟೆಗಾರ ಗುಂಡಿಕ್ಕಿ ಕೊಂದಿದ್ದ. ಅದು ದ್ವೇಷದ ಕೊಲೆ. ಆದರೆ ದ್ವೇಷವಿಲ್ಲದ ಸಾವುಗಳೂ ಈ ಬೇಟೆಯಲ್ಲಿ ಆಗಿವೆ. ಒಬ್ಬ ಹೇಂಟೆಯಂತೆ ಕೂಗುತ್ತಾನೆ. ಇನ್ನೊಬ್ಬ ಬೇಟೆಗಾರ ಆ ದನಿಯನ್ನು ನಂಬಿ ತೆವಳಿ ಬರುತ್ತಾನೆ. ಪೊದೆಯಲ್ಲಿ ಕೆಂಪೋ ಬಿಳಿಯೋ ನೀಲಿಯೋ ಮಿಂಚಿದರೆ ಗುಂಡು ಹಾರುತ್ತದೆ. ಆದ್ದರಿಂದ ಟರ್ಕಿಯ ಬೇಟೆಗೆ ಹೊರಡುವವರಿಗೆ ಕಲಿಸುವ ಮೊದಲ ಪಾಠಗಳಲ್ಲೊಂದು, ಈ ಮೂರು ಬಣ್ಣಗಳ ಬಟ್ಟೆಯ ಚೂರೂ ಮೈಮೇಲಿರಬಾರದು ಎಂಬುದು. ಜಹಾಂಗೀರ್ ಬೆರಗಾಗಿ ಬರೆದಿಟ್ಟದ್ದು ಇವೇ ಮೂರು ಬಣ್ಣಗಳನ್ನು. ಬೆಕ್ಕು ತಪ್ಪು ತಿಳಿದು ನೆಗೆದರೆ ಗೀರು ಗಾಯವಾದೀತು. ಮನುಷ್ಯನ ತಪ್ಪು ದೂರದಿಂದಲೇ ಕೊಲ್ಲುತ್ತದೆ.

ನಮ್ಮ ಕಡೆಯ ಓದುಗರಿಗೆ ಕರೆಯುವ ಬೇಟೆ ಅಪರಿಚಿತವೇನಲ್ಲ. ತೇಜಸ್ವಿಯವರ ಮೂಲಕ ಕನ್ನಡಿಗನೇ ಆಗಿಬಿಟ್ಟಿರುವ ಕೆನೆತ್ ಆಂಡರ್ಸನ್ ಜವಳಗಿರಿಯ ನರಭಕ್ಷಕಿಯನ್ನು ಗಂಡು ಹುಲಿಯಂತೆ ಕೂಗಿ ಕರೆದ. 1938ರ ನವೆಂಬರಿನಲ್ಲಿ ಕುಮಾವೂಂನ ಥಾಕ್ ಗ್ರಾಮದ ಬಳಿ ಜಿಮ್ ಕಾರ್ಬೆಟ್ ಮಾಡಿದ್ದೂ ಅದನ್ನೇ. ಇಬ್ಬರೂ ಯಾರು ಬರುತ್ತಾರೆಂದು ತಿಳಿದೇ ಕರೆದವರು. ಬರುವುದು ಹುಲಿಯೆಂಬ ಅರಿವಿನಲ್ಲೇ ಆ ಬರವಣಿಗೆಯ ಭಯವೂ ಗಾಂಭೀರ್ಯವೂ ಇವೆ. ಟರ್ಕಿಯ ಬೇಟೆಗಾರನಿಗೆ ಈ ಖಾತ್ರಿಯಿಲ್ಲ. ಅವನು ಅತ್ಯಂತ ದುರ್ಬಲ ಪ್ರಾಣಿಯ ದನಿಯನ್ನು ಎರವಲು ತಂದು ಕುಳಿತಿರುತ್ತಾನೆ. ಹೇಂಟೆ ದಿನವೂ ಬದುಕುವ ಅನಿಶ್ಚಯವನ್ನು ಒಂದು ಬೆಳಗಿನ ಮಟ್ಟಿಗೆ ತಾನೂ ಬದುಕುತ್ತಾನೆ. ಬೇಟೆಯನ್ನು ಒಪ್ಪದ ನನಗೂ ಈ ಬರಹಗಳಲ್ಲಿ ಬೆಲೆಯುಳ್ಳದ್ದಾಗಿ ಕಂಡದ್ದು ಈ ಅನುಭವವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ನಮ್ಮಲ್ಲಿ ಬೇಟೆ ಮುಗಿದ ಅಧ್ಯಾಯ. ಅದು ಮುಗಿದದ್ದು ಒಳ್ಳೆಯದೇ. ಆದರೆ ಬಂದೂಕಿನ ತೆರಿಗೆಯಿಂದ ಒಂದು ಹಕ್ಕಿಯ ಕುಲ ಉಳಿಯಿತೆಂಬ ಸತ್ಯವನ್ನೂ ಮುಜುಗರದಿಂದಲಾದರೂ ಒಪ್ಪಬೇಕಾಗುತ್ತದೆ.

ಆಡುಬಾನ್ ಒಂದು ಟರ್ಕಿಯನ್ನು ಮರಿಯಾಗಿದ್ದಾಗಿನಿಂದ ಸಾಕಿದ್ದ. ಅದು ಊರವರಿಗೆಲ್ಲ ಅಚ್ಚುಮೆಚ್ಚು. ಬೇಕೆಂದಾಗ ಕಾಡಿಗೆ ಹೋಗಿ ಬರುತ್ತಿತ್ತು. ಒಮ್ಮೆ ಹೋದದ್ದು ಹಲವು ದಿನ ಮರಳಲಿಲ್ಲ. ಆಡುಬಾನ್ ಬೇಟೆಗೆ ಹೋದಾಗ ದೂರದಲ್ಲಿ ದೊಡ್ಡ ಗಂಡು ಟರ್ಕಿಯೊಂದನ್ನು ಕಂಡು ನಾಯಿಯನ್ನು ಅಟ್ಟಿದ. ನಾಯಿ ನುಗ್ಗಿ ಬಂದರೂ ಹಕ್ಕಿ ಓಡಲಿಲ್ಲ. ಹತ್ತಿರ ಹೋದ ನಾಯಿಯೂ ಹಿಡಿಯದೆ ಯಜಮಾನನ ಕಡೆ ತಿರುಗಿ ನೋಡಿತು. ಅದು ಮನೆಯ ಹಕ್ಕಿಯೇ ಆಗಿತ್ತು. ಹಕ್ಕಿಗೆ ನಾಯಿಯ ಗುರುತು ಸಿಕ್ಕಿತ್ತು, ನಾಯಿಗೆ ಹಕ್ಕಿಯ ಗುರುತು. ಬೇಟೆಗಾರರು ತಪ್ಪು ತಿಳಿಯದಿರಲೆಂದು ಅದರ ಕತ್ತಿಗೆ ಕೆಂಪು ದಾರ ಕಟ್ಟಿದ್ದರು. ಕೊನೆಗೆ ಯಾರೋ ಒಬ್ಬರು ಅದನ್ನು ಕಾಡಿನದೆಂದು ಭಾವಿಸಿ ಹೊಡೆದರು. ಹತ್ತಿರ ಹೋದಾಗ ಆ ಕೆಂಪು ದಾರ ಕಂಡಿತು. ಹೆಣವನ್ನು ತಂದು ಆಡುಬಾನನಿಗೆ ಒಪ್ಪಿಸಿದರು.