ಸವಳು ಭೂಮಿಯ ಉಪ್ಪುಪ್ರಿಯ ಬ್ಯಾಕ್ಟೀರಿಯಾ: ಹೊಸ ಪ್ರಭೇದವನ್ನು ಗುರುತಿಸುವ ಕ್ರಮ

ಹಿನ್ನೆಲೆ

ಗದಗ ಜಿಲ್ಲೆಯ ನರಗುಂದ ಮತ್ತು ರೋಣ ತಾಲ್ಲೂಕುಗಳ ಎರೆಭೂಮಿಯು ಮಲಪ್ರಭಾ ಅಚ್ಚುಕಟ್ಟಿಗೆ ಒಳಪಟ್ಟಿದೆ. ಗಜೇಂದ್ರಗಡವು ರೋಣದಿಂದ ಬೇರ್ಪಟ್ಟು ರಚನೆಯಾದ ತಾಲ್ಲೂಕಾಗಿದೆ. ಎರೆಮಣ್ಣಿನಲ್ಲಿ ನೀರು ಬೇಗನೆ ಬಸಿದುಹೋಗುವುದಿಲ್ಲ. ಅತಿಯಾಗಿ ನೀರು ಹಾಯಿಸಿದಲ್ಲಿ ಅಂತರ್ಜಲ ಮೇಲೇರಿ, ನೀರು ಆವಿಯಾಗಿ, ಲವಣವು ಮೇಲ್ಪದರದಲ್ಲಿ ಉಳಿಯುತ್ತದೆ. ಬೆಳೆ ಬಾರದ ಇಂತಹ ಮಣ್ಣಿನಲ್ಲಿಯೂ ಕೆಲವು ಸೂಕ್ಷ್ಮಜೀವಿಗಳು ಬದುಕಬಲ್ಲವು.

ಉಪ್ಪುಪ್ರಿಯ ಜೀವಿ ಎಂದರೇನು?

ಉಪ್ಪನ್ನು ಕೇವಲ ತಾಳಿಕೊಳ್ಳುವ ಜೀವಿಯು ಉಪ್ಪುಸಹಿಷ್ಣು; ಬೆಳೆಯಲು ಉಪ್ಪನ್ನು ಬಯಸುವ ಜೀವಿಯು ಉಪ್ಪುಪ್ರಿಯ. ಇವುಗಳಲ್ಲಿ ಹಲವು, ಜೀವಕೋಶದೊಳಗೆ ಎಕ್ಟೋಯಿನ್‌ನಂತಹ ಪದಾರ್ಥಗಳನ್ನು ಶೇಖರಿಸಿ ನೀರಿನ ಅಂಶವನ್ನು ಕಾಪಾಡಿಕೊಳ್ಳುತ್ತವೆ.

ಗುರುತಿಸುವ ಹಂತಗಳು

1. ಮಣ್ಣನ್ನು ನಿರ್ಜೀವೀಕರಿಸಿದ ಪಾತ್ರೆಯಲ್ಲಿ ಸಂಗ್ರಹಿಸಿ, ಸ್ಥಳ ಮತ್ತು ದಿನಾಂಕವನ್ನು ದಾಖಲಿಸುವುದು.
2. ಉಪ್ಪು ಬೆರೆಸಿದ ಮಾಧ್ಯಮದಲ್ಲಿ ಬೆಳೆಸಿ, ಶುದ್ಧ ತಳಿಯನ್ನು ಪ್ರತ್ಯೇಕಿಸುವುದು.
3. ಉಪ್ಪಿಲ್ಲದ ಮಾಧ್ಯಮದಲ್ಲಿಯೂ ವಿವಿಧ ಪ್ರಮಾಣದ ಉಪ್ಪಿನಲ್ಲಿಯೂ ಬೆಳವಣಿಗೆಯನ್ನು ಹೋಲಿಸುವುದು.
4. 16ಎಸ್ ಆರ್‌ಆರ್‌ಎನ್‌ಎ ವಂಶವಾಹಿಯನ್ನು ಪರಿಚಿತ ಪ್ರಭೇದಗಳೊಂದಿಗೆ ಹೋಲಿಸುವುದು. ಹೋಲಿಕೆ ಸುಮಾರು ಶೇ. 98.7ಕ್ಕಿಂತ ಕಡಿಮೆ ಇದ್ದಲ್ಲಿ ಹೊಸ ಪ್ರಭೇದವಿರುವ ಸಾಧ್ಯತೆ ಇದೆ. ಹೆಚ್ಚಿದ್ದಲ್ಲಿ ಇಡೀ ಜೀನೋಮ್ ಹೋಲಿಕೆ ಅಗತ್ಯ. ಇದರ ಗಡಿ ಶೇ. 95-96.
5. ಮಾದರಿ ತಳಿಯನ್ನು ಎರಡು ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಠೇವಣಿ ಇರಿಸಿ, ವಿವರವನ್ನು ಪ್ರಕಟಿಸುವುದು. ಭಾರತದಲ್ಲಿ ಚಂಡೀಗಢ ಮತ್ತು ಪುಣೆಗಳಲ್ಲಿ ಇಂತಹ ಸಂಗ್ರಹಾಲಯಗಳಿವೆ.

ಈ ಹಂತಗಳು ಪೂರ್ಣಗೊಳ್ಳದೆ ಯಾವುದೇ ತಳಿಯನ್ನು ಹೊಸ ಪ್ರಭೇದವೆಂದು ಪರಿಗಣಿಸಲಾಗುವುದಿಲ್ಲ.

ಕಾನೂನು

ಜೈವಿಕ ವೈವಿಧ್ಯ ಅಧಿನಿಯಮ, 2002ರ ಪ್ರಕಾರ ಹೊಸದಾಗಿ ಪತ್ತೆಯಾದ ಜೀವಿಯ ಮಾಹಿತಿಯನ್ನು ನಿಗದಿತ ಸಂಗ್ರಹಾಲಯಕ್ಕೆ ತಿಳಿಸಿ, ಮಾದರಿಯನ್ನು ಒಪ್ಪಿಸತಕ್ಕದ್ದು. ಸಂಶೋಧನೆಗಾಗಿ ಜೈವಿಕ ಸಂಪನ್ಮೂಲ ಪಡೆಯುವ ವಿದೇಶಿಯರು ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪೂರ್ವಾನುಮತಿ ಪಡೆಯಬೇಕು.

ರೈತರ ಗಮನಕ್ಕೆ

ಬ್ಯಾಕ್ಟೀರಿಯಾ ಪತ್ತೆಯಾದ ಮಾತ್ರಕ್ಕೆ ಭೂಮಿ ಸುಧಾರಿಸುವುದಿಲ್ಲ. ಅದಕ್ಕೆ ಮಣ್ಣು ಪರೀಕ್ಷೆಯೇ ಮೊದಲ ಹೆಜ್ಜೆ. ಹೊಲದ ಹಲವು ಕಡೆ 15 ಸೆಂ.ಮೀ. ಆಳದವರೆಗೆ ಮಣ್ಣು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಸುಮಾರು ಅರ್ಧ ಕಿ.ಗ್ರಾಂ. ಮಾದರಿಯನ್ನು ಹೆಸರು ಮತ್ತು ಸರ್ವೆ ನಂಬರಿನೊಂದಿಗೆ ರೈತ ಸಂಪರ್ಕ ಕೇಂದ್ರಕ್ಕೆ ನೀಡಬಹುದು. ಈ ಮಾದರಿಯು ಸೂಕ್ಷ್ಮಜೀವಿ ಪರೀಕ್ಷೆಗೆ ತಕ್ಕುದಲ್ಲ.

ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ಮೀರಿದಲ್ಲಿ ಅದು ಸವಳು ಮಣ್ಣು. ಬಸಿಗಾಲುವೆ ತೆಗೆದು ಉತ್ತಮ ನೀರಿನಿಂದ ಲವಣ ತೊಳೆಯಬೇಕು. ರಸಸಾರ 8.5 ಮೀರಿ, ಸೋಡಿಯಂ ಅಂಶ ಅಧಿಕವಿದ್ದಲ್ಲಿ ಅದು ಕ್ಷಾರ ಮಣ್ಣು. ಇದಕ್ಕೆ ಜಿಪ್ಸಂ ಅಗತ್ಯ. ಪರೀಕ್ಷೆಯಿಲ್ಲದೆ ಜಿಪ್ಸಂ ಹಾಕಿದಲ್ಲಿ ಹಣ ವ್ಯರ್ಥವಾಗಬಹುದು.